ಹಲಸಿನ ಹಣ್ಣು ಬಿಡಿಸುವಾಗ ಮೇಣ ಹತ್ತದಂತೆ, ತೊಳೆ ಹರಿಯದಂತೆ ಏನು ಮಾಡುತ್ತೀರಿ?

ಮಹಡಿಮನೆ, ಶಿವಮೊಗ್ಗ

ತೀರ್ಥಹಳ್ಳಿಯ ತವರುಮನೆಯಿಂದ ಈ ವಾರ ಒಂದು ಇಡೀ ಬಕ್ಕೆ ಹಲಸು (ಗಟ್ಟಿ ತೊಳೆಯ ಜಾತಿ) ಬಸ್ಸಿನಲ್ಲಿ ಬರಲಿದೆ. ಊರಿನಲ್ಲಿ ಹಣ್ಣು ಕೊಯ್ಯುವುದು ಅಪ್ಪನ ಕೆಲಸ, ಸುತ್ತ ಕುಳಿತು ತಿನ್ನುವುದು ನಮ್ಮ ಕೆಲಸ. ಇಲ್ಲಿ ನಾನೇ ಕೊಯ್ಯಬೇಕು. ಎರಡನೆಯ ಮಹಡಿಯ ಮನೆ, ಹಿತ್ತಲಿಲ್ಲ, ಮೆಟ್ಟುಗತ್ತಿ ಇಲ್ಲ. ಒಂದು ದೊಡ್ಡ ಚಾಕು ಮತ್ತು ಗ್ರಾನೈಟ್ ಕಟ್ಟೆ ಇದೆ. ಬಿಡಿಸಿದ ತೊಳೆ ಪೇಟೆಯಲ್ಲಿ ಸಿಗುತ್ತದೆ ಎಂದು ದಯವಿಟ್ಟು ಹೇಳಬೇಡಿ. ಹಲಸು ಎಂದರೆ ಡಬ್ಬಿಯಲ್ಲಿ ಬರುವ ಹಳದಿ ತುಂಡು ಎಂದೇ ನನ್ನ ಮಕ್ಕಳು ತಿಳಿದಿದ್ದಾರೆ. ಇಡೀ ಹಣ್ಣು ಹೇಗೆ ತೆರೆದುಕೊಳ್ಳುತ್ತದೆ ಎಂಬುದನ್ನು ಅವರು ನೋಡಬೇಕು. ಕೈ, ಚಾಕು, ಕಟ್ಟೆ, ಸಿಂಕ್ ಯಾವುದಕ್ಕೂ ಮೇಣ ಹತ್ತಬಾರದು, ತೊಳೆಗಳು ಇಡಿಯಾಗಿ ಬರಬೇಕು. ಬಲ್ಲವರು ಮೊದಲಿನಿಂದ ಹೇಳಿಕೊಡಿ.

ಕೊಪ್ಪದ ತೋಟ

ಕೊಬ್ಬರಿ ಎಣ್ಣೆ ತಂಗೀ. ಮೊದಲು ಕೈಯನ್ನು ಪೂರ್ತಿ ಒಣಗಿಸಿಕೊಳ್ಳಿ, ಆಮೇಲೆ ಎಣ್ಣೆ. ನೀರಿನ ಪಸೆ ಇರುವ ಕೈಗೆ ಹಚ್ಚಿದ ಎಣ್ಣೆ ನಿಲ್ಲುವುದಿಲ್ಲ. ಬೆರಳ ಸಂದು, ಉಗುರಿನ ಬುಡ, ಮಣಿಕಟ್ಟಿನ ಮೇಲೆ ನಾಲ್ಕು ಬೆರಳಗಲ ಬಿಡದೆ ಹಚ್ಚಿ. ಬಳೆ, ಉಂಗುರ, ಕೈಗಡಿಯಾರ ತೆಗೆದಿಡಿ. ಕೂದಲನ್ನು ಗಟ್ಟಿಯಾಗಿ ಕಟ್ಟಿಕೊಳ್ಳಿ, ಮಕ್ಕಳದ್ದೂ ಕಟ್ಟಿ. ಹಣ್ಣು ಮುಗಿಯುವವರೆಗೆ ನಲ್ಲಿ ಮುಟ್ಟಬೇಡಿ.

ಸಾಗರ ಸೀಮೆ

ಎಣ್ಣೆ ಬೇಕೇ ಬೇಕು. ಆದರೆ ಕೆಲಸ ಎಣ್ಣೆಯಿಂದ ಆರಂಭವಾಗುವುದಿಲ್ಲ, ಮರದಿಂದ ಇಳಿಸಿದ ಹೊತ್ತಿನಿಂದ ಆರಂಭವಾಗುತ್ತದೆ. ಕಾಯಿಯಲ್ಲಿ ಮೇಣ ಧಾರೆಯಾಗಿ ಹರಿಯುತ್ತದೆ, ಹಣ್ಣಾಗುತ್ತಾ ಹೋದಂತೆ ಕಡಿಮೆಯಾಗುತ್ತದೆ. ಅರೆಹಣ್ಣನ್ನು ಅವಸರಕ್ಕೆ ಕೊಯ್ದವರೇ ಹೆಚ್ಚಾಗಿ ಮೇಣವನ್ನು ಬೈಯುವುದು.

ನಮ್ಮ ಕಡೆ ಮಂಗಗಳ ಕಾಟದಿಂದ ಮರದಲ್ಲಿಯೇ ಹಣ್ಣಾಗಲು ಬಿಡುವುದು ಕಷ್ಟ. ಬಲಿತ ಕಾಯಿಯನ್ನು ಹಗ್ಗ ಕಟ್ಟಿ ಇಳಿಸುತ್ತೇವೆ. ಬೀಳಿಸಿದ ಕಾಯಿ ಪೆಟ್ಟಾದ ಕಡೆ ಕೊಳೆಯುತ್ತದೆ, ಆ ಭಾಗದ ತೊಳೆ ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾಗುತ್ತದೆ. ಇಳಿಸಿದ ಕೂಡಲೇ ತೊಟ್ಟು ಕೆಳಗಾಗುವಂತೆ ಒರಗಿಸಿಟ್ಟರೆ ಸುರಿಯುವಷ್ಟು ಮೇಣ ಅಲ್ಲಿಯೇ ಸುರಿದುಹೋಗುತ್ತದೆ. ಈ ಕೆಲಸವನ್ನು ತೀರ್ಥಹಳ್ಳಿಯಲ್ಲಿಯೇ ಮಾಡಿ ಕಳುಹಿಸಲು ಅಪ್ಪನಿಗೆ ಇಂದೇ ಫೋನ್ ಮಾಡಿ. ತೊಟ್ಟಿಗೆ ಒಂದು ಹಿಡಿ ಒಣ ಹುಲ್ಲು ಸುತ್ತಿ ಗೋಣಿಚೀಲದಲ್ಲಿ ಹಾಕಿದರೆ ಬಸ್ಸಿನವರಿಗೂ ತೊಂದರೆಯಾಗುವುದಿಲ್ಲ.

ಹಣ್ಣಾಗಿದೆಯೇ ಎಂದು ತಿಳಿಯಲು ಮೂಗನ್ನೊಂದೇ ನಂಬಬೇಡಿ. ಪರಿಮಳ ಮನೆ ತುಂಬಿದ ಮೇಲೂ ತೊಟ್ಟಿನ ಕಡೆ ಗಟ್ಟಿ ಇರಬಹುದು. ಮುಳ್ಳುಗಳು ಚಪ್ಪಟೆಯಾಗಿ ಒಂದಕ್ಕೊಂದು ದೂರ ಸರಿದಿರಬೇಕು, ಬೆರಳಿನಿಂದ ತಟ್ಟಿದರೆ ಪೊಳ್ಳು ಸದ್ದು ಬರಬೇಕು, ಒತ್ತಿದರೆ ಸಿಪ್ಪೆ ಸ್ವಲ್ಪ ಒಳಕ್ಕೆ ಹೋಗಬೇಕು. ಈ ಮೂರೂ ಕೂಡಿ ಬಂದ ದಿನ ಕೊಯ್ಯಿರಿ.

ಇನ್ನೊಂದು ಮಾತು. ಆರ್ದ್ರಾ ಮಳೆ ಜೋರಾಗಿ ಹಿಡಿದ ಮೇಲೆ ಇಳಿಸಿದ ಹಣ್ಣು ನೀರು ಕುಡಿದು ಸಪ್ಪೆಯಾಗುತ್ತದೆ, ತೊಳೆಯ ಗರಿಮುರಿ ಹೋಗುತ್ತದೆ. ನಿಮ್ಮ ಹಣ್ಣು ಅದಕ್ಕೂ ಮೊದಲಿನದಾದರೆ ಪುಣ್ಯ.

ಮಹಡಿಮನೆ, ಶಿವಮೊಗ್ಗ

ಅಪ್ಪನಿಗೆ ಹೇಳಿದೆ. ಬಲಿತಿದೆ, ಇನ್ನೂ ಹಣ್ಣಾಗಿಲ್ಲ ಎಂದರು. ಬಂದ ಮೇಲೆ ಎಷ್ಟು ದಿನ ಇಡಬೇಕು? ಮನೆ ತುಂಬ ವಾಸನೆ ಎಂದು ಪಕ್ಕದ ಮನೆಯವರು ಹೇಳಬಾರದು. ಫ್ರಿಜ್‌ನಲ್ಲಿ ಇಡಬಹುದೇ?

ಸಾಗರ ಸೀಮೆ

ಇಡೀ ಹಣ್ಣನ್ನು ಫ್ರಿಜ್‌ಗೆ ಹಾಕಲೇಬೇಡಿ. 12 ಡಿಗ್ರಿಗಿಂತ ಕೆಳಗಿನ ಚಳಿಯನ್ನು ಹಲಸು ತಡೆಯುವುದಿಲ್ಲ. ಸಿಪ್ಪೆ ಕಪ್ಪಾಗುತ್ತದೆ, ಒಳಗೆ ತೊಳೆ ಸರಿಯಾಗಿ ಹಣ್ಣಾಗುವುದೇ ಇಲ್ಲ. ಬಲಿತ ಕಾಯಿ ಹೊರಗಿನ ಸೆಕೆಗೆ ಮೂರರಿಂದ ಹತ್ತು ದಿನಗಳ ಒಳಗೆ ಹಣ್ಣಾಗುತ್ತದೆ. ಗೋಣಿ ಸುತ್ತಿಟ್ಟರೆ ಬೇಗ. ದಿನಾ ತಟ್ಟಿ ನೋಡಿ. ವಾಸನೆಯ ಚಿಂತೆ ಬಿಡಿ, ಪಕ್ಕದ ಮನೆಗೆ ಒಂದು ತಟ್ಟೆ ತೊಳೆ ಹೋಗಲಿ.

ಹೊಸನಗರದ ಅಜ್ಜಿಮನೆ

ಈಗ ಕೊಯ್ಯುವ ವಿಷಯಕ್ಕೆ ಬರುತ್ತೇನೆ. ಸಾವಧಾನವಾಗಿ ಓದಿ, ಏಕೆಂದರೆ ಅಚ್ಚುಕಟ್ಟು ಎನ್ನುವುದು ಇಲ್ಲಿ ಕೈಚಳಕದ ಮಾತಲ್ಲ, ಯಾವುದರ ನಂತರ ಯಾವುದು ಎಂಬ ಕ್ರಮದ ಮಾತು.

ಕಟ್ಟೆಯ ಮೇಲೆ ಕೊಯ್ಯಬೇಡಿ, ನೆಲಕ್ಕೆ ಬನ್ನಿ. ದೊಡ್ಡ ಹಣ್ಣು ಕಟ್ಟೆಯ ಮೇಲೆ ಉರುಳುತ್ತದೆ, ಎತ್ತರದಲ್ಲಿ ನಿಮ್ಮ ತೋಳಿಗೆ ಭಾರ ಹಾಕಲು ಆಗುವುದಿಲ್ಲ. ನೆಲಕ್ಕೆ ಗೋಣಿ, ಅದರ ಮೇಲೆ ಹಳೆಯ ದಿನಪತ್ರಿಕೆ, ಅದರ ಮೇಲೆ ಬಾಳೆ ಎಲೆ. ಪತ್ರಿಕೆಯ ಶಾಯಿ ತೊಳೆಗೆ ತಾಗಬಾರದು, ಅದಕ್ಕೆ ಬಾಳೆ ಎಲೆ. ಶಿವಮೊಗ್ಗದ ಪೇಟೆಯಲ್ಲಿ ಬಾಳೆ ಎಲೆಗೆ ಬರವಿಲ್ಲ. ಊರಿನಿಂದ ಬರುವಾಗ ಎರಡು ಅಡಿಕೆ ಹಾಳೆಯನ್ನೂ ತರಿಸಿಕೊಳ್ಳಿ: ಒಂದು ಬಿಡಿಸಿದ ತೊಳೆಗೆ, ಒಂದು ಕಸಕ್ಕೆ. ಬಲಗಡೆ ಒಂದು ಸಣ್ಣ ಬಟ್ಟಲು ಎಣ್ಣೆ, ಒಂದಷ್ಟು ಮುದುಡಿದ ಕಾಗದ ಅಥವಾ ಒಣ ಬಾಳೆ ಎಲೆ, ಒಂದು ಗೇಣುದ್ದದ ಕಡ್ಡಿ. ಎಲ್ಲವೂ ಕೈಗೆಟಕುವ ಹಾಗೆ ಇರಬೇಕು. ಅರ್ಧದಲ್ಲಿ ಎದ್ದರೆ ಮೇಣ ಬಾಗಿಲ ಚಿಲಕದವರೆಗೂ ಬರುತ್ತದೆ.

ಚಾಕುವಿನ ಅಲಗಿಗೆ ಎರಡೂ ಕಡೆ ಎಣ್ಣೆ ಸವರಿ. ಹಿಡಿಗೆ ಮಾತ್ರ ಬೇಡ, ಜಾರುತ್ತದೆ. ಹಿಡಿಗೆ ಒಂದು ಒಣ ಬಟ್ಟೆ ಸುತ್ತಿಕೊಳ್ಳಿ. ಹಣ್ಣನ್ನು ಮಲಗಿಸಿ, ನಡುವೆ ಅಡ್ಡಲಾಗಿ ಕೊಯ್ದು ಎರಡು ಹೋಳು ಮಾಡಿ. ಒಂದೊಂದು ಹೋಳನ್ನು ಕೊಯ್ದ ಮುಖ ಕೆಳಗಾಗಿ ನಿಲ್ಲಿಸಿ ಮತ್ತೆ ಉದ್ದಕ್ಕೆ ಎರಡು ಮಾಡಿ. ಈಗ ನಾಲ್ಕು ಹೋಳು, ಪ್ರತಿಯೊಂದರ ಅಂಚಿನಲ್ಲಿ ನಡುವಿನ ಬಿಳಿ ಗೂಂಜು ಪಟ್ಟಿಯಾಗಿ ಕಾಣುತ್ತದೆ.

ಇಲ್ಲಿ ನಿಲ್ಲಿ. ಹೆಚ್ಚಿನವರು ಈ ಹೊತ್ತಿಗೆ ತೊಳೆಗೆ ಕೈಹಾಕುತ್ತಾರೆ, ಮೇಣವನ್ನೆಲ್ಲ ಹಣ್ಣಿನ ಒಳಕ್ಕೆ ತಾವೇ ಸಾಗಿಸುತ್ತಾರೆ. ಹೋಳುಗಳನ್ನು ಸ್ವಲ್ಪ ಹೊತ್ತು ಸುಮ್ಮನೆ ಬಿಡಿ. ಗೂಂಜಿನಿಂದಲೂ ಸಿಪ್ಪೆಯ ಒಳ ಅಂಚಿನಿಂದಲೂ ಬಿಳಿ ಹನಿಗಳು ಏಳುತ್ತವೆ. ಅವು ಸ್ವಲ್ಪ ಗಟ್ಟಿಯಾಗಲು ಬಿಟ್ಟು ಕಾಗದದಿಂದ ಒತ್ತಿ ತೆಗೆಯಿರಿ, ಉಜ್ಜಬೇಡಿ. ಎಳೆಯಾಗಿ ಬರುವ ಮೇಣವನ್ನು ಕಡ್ಡಿಗೆ ಸುತ್ತಿಕೊಳ್ಳಿ. ನಮ್ಮಲ್ಲಿ ಮಕ್ಕಳಿಗೆ ಕೊಡುತ್ತಿದ್ದ ಕೆಲಸವೇ ಇದು. ಕಡ್ಡಿಯ ತುದಿಯಲ್ಲಿ ಉಂಡೆ ಬೆಳೆಯುವುದನ್ನು ನೋಡುತ್ತಾ ಅವರು ಹಣ್ಣಿನ ತಂಟೆಗೆ ಬರುವುದಿಲ್ಲ. ಒರೆಸಿದ ಮೇಲೆ ಗೂಂಜನ್ನು ಚಾಕು ಓರೆ ಮಾಡಿ ಪೂರ್ತಿ ಕೆತ್ತಿ ತೆಗೆಯಿರಿ. ಮತ್ತೊಮ್ಮೆ ಒರೆಸಿ. ಅಲ್ಲಿಗೆ ಮೇಣದ ಮುಕ್ಕಾಲು ಪಾಲು ಹೊರಗೆ ಹೋಯಿತು.

ಆಮೇಲೆ ಹೋಳಿನ ಎರಡು ತುದಿ ಹಿಡಿದು ಸಿಪ್ಪೆಯನ್ನು ಹಿಂದಕ್ಕೆ ಮಡಿಸಿ. ತೊಳೆಗಳು ತಾವಾಗಿ ಎದ್ದು ನಿಲ್ಲುತ್ತವೆ. ಸುತ್ತಲಿನ ಎಳೆಗಳನ್ನು ಬದಿಗೆ ಸರಿಸಿ, ತೊಳೆಯ ಬುಡವನ್ನು ಹಿಡಿದು ಸ್ವಲ್ಪ ತಿರುವಿ ಎತ್ತಿ. ಬುಡದಲ್ಲಿ ಸಿಪ್ಪೆಗೆ ಅಂಟಿರುವ ಚೂರು ಬಿಳಿ ಭಾಗವನ್ನು ಸಣ್ಣ ಚಾಕುವಿನಿಂದ ಕತ್ತರಿಸಿ ಹಾಕಿ, ಅಲ್ಲಿ ಇನ್ನೂ ಮೇಣ ಉಳಿದಿರುತ್ತದೆ. ತಿಂದಾಗ ತುಟಿಗೆ ಹತ್ತುವುದು ಇದೇ. ಬೀಜ ತೆಗೆಯಲು ತೊಳೆಯ ಒಂದು ಬದಿಯಲ್ಲಿ ಸಣ್ಣ ಸೀಳು ಸಾಕು, ಹೂವಿನ ಮೊಗ್ಗು ಬಿಡಿಸಿದಂತೆ ತೆರೆದು ಬೀಜವನ್ನೂ ಅದರ ಮೇಲಿನ ಪೊರೆಯನ್ನೂ ಒಟ್ಟಿಗೆ ಎಳೆಯಿರಿ.

ಇಬ್ಬರಿದ್ದರೆ ಒಳ್ಳೆಯದು. ಮೇಣದ ಕೈ ಒಬ್ಬರದು, ಶುದ್ಧ ಕೈ ಒಬ್ಬರದು. ಕೊಯ್ಯುವವರು ತೊಳೆ ಎತ್ತಿ ಹಾಳೆಗೆ ಹಾಕುತ್ತಾರೆ, ಬೀಜ ತೆಗೆಯುವವರು ಸಿಪ್ಪೆಯನ್ನು ಮುಟ್ಟುವುದೇ ಇಲ್ಲ.

ಸೊರಬದ ಕೃಷಿಕ

ಅಮ್ಮ, ನಿಮ್ಮ ಕ್ರಮಕ್ಕೆ ಕೈಮುಗಿಯುತ್ತೇನೆ, ಆದರೆ ಒಂದು ತಕರಾರು ಇದೆ. ಕೇಳಿದವರಿಗೆ ತೊಳೆ ಇಡಿಯಾಗಿ ಬೇಕು. ನಡುವೆ ಅಡ್ಡ ಕೊಯ್ದರೆ ಆ ಸಾಲಿನಲ್ಲಿರುವ ತೊಳೆಗಳೂ ಬೀಜಗಳೂ ಎರಡಾಗುತ್ತವೆ. ನಾವು ಒಳಗಿನವರೆಗೆ ಕೊಯ್ಯುವುದೇ ಇಲ್ಲ. ಸಿಪ್ಪೆಯ ದಪ್ಪದಷ್ಟು ಮಾತ್ರ ಚಾಕು ಇಳಿಸಿ, ತೊಟ್ಟಿನಿಂದ ತುದಿಯವರೆಗೆ ಒಂದೇ ಗೀರು ಹಾಕುತ್ತೇವೆ. ಗೀರಿನಲ್ಲಿ ಎರಡೂ ಕೈಯ ಹೆಬ್ಬೆರಳು ತೂರಿಸಿ ಸಿಪ್ಪೆಯನ್ನು ಆಚೀಚೆ ಅಗಲಿಸಿದರೆ ಇಡೀ ಹಣ್ಣು ತೆರೆದುಕೊಳ್ಳುತ್ತದೆ, ಗೂಂಜು ನಡುವೆ ಹಾಗೆಯೇ ನಿಲ್ಲುತ್ತದೆ. ಗೂಂಜನ್ನು ಕೊಯ್ಯದಿದ್ದರೆ ಅದರ ಮೇಣ ಹೊರಗೆ ಬರುವ ಮಾತೇ ಇಲ್ಲ. ಮಕ್ಕಳಿಗೆ ತೋರಿಸುವುದಾದರೆ ಇದಕ್ಕಿಂತ ಚೆಂದದ ನೋಟವಿಲ್ಲ.

ಹೊಸನಗರದ ಅಜ್ಜಿಮನೆ

ಚೆನ್ನಾಗಿ ಹಣ್ಣಾದ ಬಕ್ಕೆಗೆ ನಿಮ್ಮ ದಾರಿಯೇ ಮೇಲು, ಒಪ್ಪುತ್ತೇನೆ ತಮ್ಮಾ. ಆದರೆ ಒಂದು ದಿನ ಮೊದಲೇ ಕೊಯ್ದ ಹಣ್ಣಿನಲ್ಲಿ ಸಿಪ್ಪೆ ಬಿಡುವುದಿಲ್ಲ. ಆಗ ಹೆಬ್ಬೆರಳಿನ ಬಲಕ್ಕೆ ತೊಳೆಗಳೇ ಹರಿಯುತ್ತವೆ. ಗೀರು ಹಾಕಿ ಸ್ವಲ್ಪ ಅಗಲಿಸಿ ನೋಡಲಿ. ಸುಲಭವಾಗಿ ಬಿಟ್ಟುಕೊಟ್ಟರೆ ನಿಮ್ಮ ದಾರಿ, ಹಟ ಹಿಡಿದರೆ ನನ್ನ ದಾರಿ.

ಶಿಕಾರಿಪುರದ ವಿಜ್ಞಾನ ಮೇಷ್ಟ್ರು

ಇಬ್ಬರ ಮಾತಿಗೂ ಹಣ್ಣಿನ ರಚನೆಯಲ್ಲಿಯೇ ಕಾರಣವಿದೆ, ಅದನ್ನು ಹೇಳುತ್ತೇನೆ. ಹಲಸು ಒಂದು ಹಣ್ಣಲ್ಲ, ಒಂದೇ ಗೂಂಜಿನ ಮೇಲೆ ಒತ್ತಾಗಿ ಕುಳಿತ ನೂರಾರು ಹೂವುಗಳು ಒಟ್ಟಾಗಿ ಬೆಳೆದ ಹಣ್ಣುಗಳ ಗುಂಪು. ಫಲ ಕಟ್ಟಿದ ಒಂದೊಂದು ಹೂವಿನ ಹೊದಿಕೆ ದಪ್ಪವಾಗಿ ಸಿಹಿಯಾದದ್ದೇ ತೊಳೆ. ಫಲ ಕಟ್ಟದ ಹೂವುಗಳ ಹೊದಿಕೆಗಳೇ ನಾವು ಕಿತ್ತು ಎಸೆಯುವ ಎಳೆಗಳು. ಹೊರಗಿನ ಮುಳ್ಳುಗಳೂ ಆ ಹೂವುಗಳ ತುದಿಗಳೇ. ಅಂದರೆ ತೊಳೆಯಾಗಲಿ ಎಳೆಯಾಗಲಿ ಒಂದು ತುದಿ ಗೂಂಜಿಗೆ, ಇನ್ನೊಂದು ತುದಿ ಸಿಪ್ಪೆಗೆ ಅಂಟಿರುತ್ತದೆ. ಅಜ್ಜಿಮನೆಯವರು ಗೂಂಜನ್ನು ಕೆತ್ತಿದಾಗ ಎಲ್ಲದರ ಒಂದು ತುದಿ ಒಮ್ಮೆಗೇ ಬಿಡುಗಡೆಯಾಗುತ್ತದೆ, ಆದ್ದರಿಂದ ಸಿಪ್ಪೆ ಮಡಿಸಿದಾಗ ತೊಳೆ ಎದ್ದು ನಿಲ್ಲುತ್ತದೆ. ಸೊರಬದವರು ಸಿಪ್ಪೆಯ ಕಡೆಯ ತುದಿಯನ್ನು ಬಿಡಿಸುತ್ತಾರೆ. ಹಣ್ಣಾದಂತೆ ಈ ಹಿಡಿತ ಸಡಿಲವಾಗುವುದರಿಂದ ಅವರ ವಿಧಾನಕ್ಕೆ ಪೂರ್ತಿ ಮಾಗಿದ ಹಣ್ಣೇ ಬೇಕು.

ಮೇಣ ಹರಿಯುವ ನಾಳಗಳು ಗೂಂಜು ಮತ್ತು ಸಿಪ್ಪೆಯಲ್ಲಿ ಹೆಚ್ಚು, ಮಾಗಿದ ತೊಳೆಯಲ್ಲಿ ತೀರಾ ಕಡಿಮೆ. ಮೇಣ ನೀರಿನಲ್ಲಿ ಕರಗುವುದಿಲ್ಲ, ನೀರು ತಾಗಿದರೆ ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಎಣ್ಣೆಯಲ್ಲಿ ಮೆತ್ತಗಾಗಿ ಕರಗುತ್ತದೆ. ನಲ್ಲಿ ಮುಟ್ಟಬೇಡಿ ಎಂದು ಕೊಪ್ಪದವರು ಹೇಳಿದ್ದು ಇದಕ್ಕೇ.

ಮಹಡಿಮನೆ, ಶಿವಮೊಗ್ಗ

ಮೇಷ್ಟ್ರೇ, ಎಳೆ ಎಂದರೆ ಫಲ ಕಟ್ಟದ ಹೂವು ಎಂದು ಇಂದೇ ತಿಳಿಯಿತು. ಮಕ್ಕಳಿಗೆ ಹಣ್ಣು ತೆರೆದು ತೋರಿಸುವಾಗ ಇದನ್ನೇ ಹೇಳುತ್ತೇನೆ. ಕೈಗವಸು ಹಾಕಿಕೊಂಡರೆ ಎಣ್ಣೆಯ ಕಾಟವೇ ತಪ್ಪುತ್ತದೆ ಎಂದು ಒಬ್ಬರು ಹೇಳಿದರು. ಚಾಕುವಿಗೆ ಹತ್ತಿದ್ದನ್ನು ಸೀಮೆಎಣ್ಣೆಯಿಂದ ತೆಗೆಯಿರಿ ಎಂದೂ ಹೇಳಿದರು. ನೀವೆಲ್ಲ ಏನು ಹೇಳುತ್ತೀರಿ?

ಕೊಪ್ಪದ ತೋಟ

ಸೀಮೆಎಣ್ಣೆ ಬೇಡವೇ ಬೇಡ. ತಿನ್ನುವ ಪದಾರ್ಥ ಕೊಯ್ಯುವ ಚಾಕುವಿಗೆ, ಅದರಲ್ಲಿಯೂ ಮಕ್ಕಳಿರುವ ಅಡುಗೆಮನೆಯಲ್ಲಿ ಅದಕ್ಕೆ ಜಾಗವಿಲ್ಲ. ಅಡುಗೆ ಎಣ್ಣೆ ಹಾಕಿ ಕಾಗದದಿಂದ ಒರೆಸಿದರೆ ಮೇಣ ಸುತ್ತಿಕೊಂಡು ಬರುತ್ತದೆ. ಹಟಮಾರಿ ಕಲೆಯಾದರೆ ಎಣ್ಣೆ ಸವರಿ ಸ್ವಲ್ಪ ಹೊತ್ತು ಬಿಟ್ಟು ಒರೆಸಿ. ಕೆಲವರು ಅಲಗನ್ನು ಒಲೆಯ ಉರಿಗೆ ಹಿಡಿಯುತ್ತಾರೆ. ಮೇಣ ಕರಗುವುದೇನೋ ನಿಜ, ಆದರೆ ಕಮ್ಮಾರನು ಕೊಟ್ಟ ಹದವೂ ಅದರೊಂದಿಗೆ ಹೋಗುತ್ತದೆ. ಒಳ್ಳೆಯ ಕತ್ತಿಗೆ ಹಾಗೆ ಮಾಡಬೇಡಿ.

ಪೂರ್ತಿ ಒರೆಸಿದ ಮೇಲೆಯೇ ಬಿಸಿನೀರು, ಪಾತ್ರೆ ತೊಳೆಯುವ ಸಾಬೂನು. ಕೈಗೂ ಇದೇ ಕ್ರಮ: ಎಣ್ಣೆ ಹಾಕಿ ಉಜ್ಜಿ, ಕಾಗದಕ್ಕೆ ಒರೆಸಿ, ಆಮೇಲೆ ಕಡಲೆಹಿಟ್ಟು ಅಥವಾ ಸೀಗೆಪುಡಿ ಹಾಕಿ ತೊಳೆಯಿರಿ. ಮೇಣ ಒರೆಸಿದ ಕಾಗದ, ಗೂಂಜು, ಎಳೆ ಯಾವುದೂ ಸಿಂಕ್‌ಗೆ ಹೋಗಬಾರದು. ಕೊಳವೆಯ ಒಳಗೆ ಅಂಟಿಕೊಂಡರೆ ಆಮೇಲೆ ಬಂದದ್ದೆಲ್ಲ ಅಲ್ಲಿ ನಿಲ್ಲುತ್ತದೆ.

ಸಾಗರ ಸೀಮೆ

ಕೈಗವಸಿನ ಬಗ್ಗೆ: ಬರಿಗೈಯಲ್ಲಿ ತೊಳೆಯ ಹದ ತಿಳಿಯುತ್ತದೆ, ಗವಸಿನಲ್ಲಿ ತಿಳಿಯುವುದಿಲ್ಲ. ಆದರೂ ರಬ್ಬರಿನ ಹಾಲಿಗೆ ಅಲರ್ಜಿ ಇರುವವರು ಹಲಸಿನ ಮೇಣದ ವಿಷಯದಲ್ಲಿಯೂ ಎಚ್ಚರದಿಂದ ಇರಬೇಕು. ಅಂಥವರು ರಬ್ಬರಿನದಲ್ಲದ ಕೈಗವಸು ಹಾಕಿಕೊಳ್ಳಲಿ ಅಥವಾ ಈ ಕೆಲಸವನ್ನು ಬೇರೆಯವರಿಗೆ ಬಿಡಲಿ.

ತೀರ್ಥಹಳ್ಳಿ ಹಿತ್ತಲು

ಎಲ್ಲರೂ ಬಕ್ಕೆಯನ್ನೇ ಹಿಡಿದು ಕುಳಿತಿದ್ದೀರಿ. ಅಂಬಲಿ ಹಣ್ಣಿನ ಪರ ಯಾರೂ ಇಲ್ಲವೇ? ಕರಾವಳಿಯವರು ತುಳುವ ಎನ್ನುವ ಮೆತ್ತನೆಯ ಜಾತಿ. ಅದಕ್ಕೆ ಚಾಕು ಹಾಕುವುದೇ ಅನ್ಯಾಯ. ಚೆನ್ನಾಗಿ ಹಣ್ಣಾದ ಮೇಲೆ ತೊಟ್ಟನ್ನು ಹಿಡಿದು ತಿರುವಿ ಎಳೆದರೆ ಗೂಂಜು ತೊಟ್ಟಿನ ಜೊತೆಗೇ ಹೊರಗೆ ಬರುತ್ತದೆ, ಉಳಿದದ್ದನ್ನು ಕೈಯಲ್ಲಿಯೇ ಬಿಡಿಸಬಹುದು. ತೊಳೆ ಇಡಿಯಾಗಿ ಬರಲಿ ಎಂಬ ಆಸೆ ಇಲ್ಲಿ ಬೇಡ. ತೊಳೆಗಳನ್ನು ಅಗಲ ಕಣ್ಣಿನ ಜರಡಿಯ ಮೇಲೆ ಹಾಕಿ ಕೈಯಿಂದ ತಿಕ್ಕಿ, ರಸ ಕೆಳಗೆ ಇಳಿಯುತ್ತದೆ, ಬೀಜವೂ ನಾರೂ ಮೇಲೆ ಉಳಿಯುತ್ತವೆ. ಆ ರಸಕ್ಕೆ ಅಕ್ಕಿತರಿ, ಬೆಲ್ಲ, ಕಾಯಿತುರಿ ಸೇರಿಸಿ ಬಾಳೆ ಎಲೆಯಲ್ಲಿಯೋ ಸಾಗುವಾನಿ ಎಲೆಯಲ್ಲಿಯೋ ಕಡುಬು ಬೇಯಿಸಿ, ಬಿಸಿ ಇರುವಾಗ ತುಪ್ಪ ಹಾಕಿ ತಿಂದವರು ಬಕ್ಕೆಯ ಹಿಂದೆ ಹೋಗುವುದಿಲ್ಲ. ಸಾಗುವಾನಿ ಎಲೆಯ ಬಣ್ಣ ಕಡುಬಿಗೆ ಇಳಿಯುತ್ತದೆ, ಅದನ್ನು ನೋಡಿ ಗಾಬರಿಯಾಗಬೇಡಿ.

ಸೊರಬದ ಕೃಷಿಕ

ಕಡುಬಿಗೆ ಅಂಬಲಿ, ತಿನ್ನಲು ಬಕ್ಕೆ. ಇದರಲ್ಲಿ ಜಗಳವೇ ಇಲ್ಲ ಅಕ್ಕ.

ಮಹಡಿಮನೆ, ಶಿವಮೊಗ್ಗ

ನಾವು ನಾಲ್ವರು, ಒಂದೇ ದಿನ ಮುಗಿಯುವುದಿಲ್ಲ. ಬಿಡಿಸಿದ ತೊಳೆಯನ್ನು ಎಷ್ಟು ದಿನ ಇಡಬಹುದು? ಮಕ್ಕಳಿಗೆ ಎಷ್ಟು ಕೊಡಬಹುದು?

ಹೊಸನಗರದ ಅಜ್ಜಿಮನೆ

ಬೀಜ ತೆಗೆದ ತೊಳೆಯನ್ನು ತೊಳೆಯದೆ, ಒಣ ಸ್ಟೀಲ್ ಡಬ್ಬಿಯಲ್ಲಿ ಗಟ್ಟಿಯಾಗಿ ಮುಚ್ಚಿ ಫ್ರಿಜ್‌ನಲ್ಲಿ ಇಡಿ. ನಾಲ್ಕೈದು ದಿನ ಚೆನ್ನಾಗಿರುತ್ತದೆ. ಮುಚ್ಚಳ ಸಡಿಲವಿದ್ದರೆ ಹಾಲು, ಮೊಸರು, ಬೆಣ್ಣೆ ಎಲ್ಲಕ್ಕೂ ಹಲಸಿನ ವಾಸನೆ ಬರುತ್ತದೆ. ಉಳಿದದ್ದನ್ನು ಫ್ರೀಜರಿಗೆ ಹಾಕಿದರೆ ತಿಂಗಳುಗಟ್ಟಲೆ ಇರುತ್ತದೆ, ಆದರೆ ಹೊರತೆಗೆದಾಗ ಗರಿಮುರಿ ಇರುವುದಿಲ್ಲ. ಪಾಯಸಕ್ಕೆ, ಎಣ್ಣೆಯಲ್ಲಿ ಕರಿಯುವ ಸಿಹಿ ಮುಳುಕಕ್ಕೆ ಬಳಸಿ. ತಿನ್ನುವ ಹೊತ್ತಿಗೆ ‘ಹಸಿದು ಹಲಸು, ಉಂಡು ಮಾವು’ ಎಂಬ ಹಿರಿಯರ ಮಾತನ್ನು ಪಾಲಿಸಿ. ಊಟವಾದ ಮೇಲೆ ಹೊಟ್ಟೆ ತುಂಬ ಹಲಸು ತಿಂದರೆ ಮಕ್ಕಳಿಗೆ ರಾತ್ರಿ ಹೊಟ್ಟೆ ಭಾರವಾಗುತ್ತದೆ. ಸಂಜೆ ಶಾಲೆಯಿಂದ ಬಂದ ಕೂಡಲೇ ಕೊಡಿ.

ತೀರ್ಥಹಳ್ಳಿ ಹಿತ್ತಲು

ಸಿಪ್ಪೆಯನ್ನು ಬೀದಿ ಬದಿಯ ದನಗಳಿಗೆ ಹಾಕುವವರು ಸ್ವಲ್ಪ ಸ್ವಲ್ಪವೇ ಹಾಕಿ. ಹಲಸಿನ ಸಿಪ್ಪೆ ದನಕ್ಕೆ ಬಲು ಇಷ್ಟ, ಆದರೆ ಮಾಗಿದ್ದನ್ನು ಒಮ್ಮೆಲೇ ರಾಶಿ ತಿಂದರೆ ಹೊಟ್ಟೆ ಉಬ್ಬರಿಸುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎಸೆಯುವುದಂತೂ ಮಹಾಪಾಪ, ದನ ಚೀಲದ ಸಮೇತ ನುಂಗುತ್ತದೆ.

ಕೊಪ್ಪದ ತೋಟ

ಬೀಜವನ್ನು ಎಸೆಯಬೇಡಿ. ಮೇಲಿನ ಬಿಳಿ ಪೊರೆ ತೆಗೆದು, ನೆರಳಿನಲ್ಲಿ ಆರಿಸಿ. ಹಸಿಯಾಗಿ ತಿನ್ನುವುದು ಬೇಡ, ಬೇಯಿಸಿದ ಮೇಲೆಯೇ ಅದು ಜೀರ್ಣವಾಗುತ್ತದೆ. ಸೌತೆಕಾಯಿಯ ಜೊತೆ ಹುಳಿ, ಪಲ್ಯ, ಕೆಂಡದಲ್ಲಿ ಸುಟ್ಟು ಉಪ್ಪು ಹಚ್ಚಿದ್ದು, ಯಾವುದಾದರೂ ಆಗಲಿ. ಊರಿನಲ್ಲಿ ಕೆಮ್ಮಣ್ಣು ಕಲಸಿ ಮೆತ್ತಿ ಆರಿಸಿ ಮಳೆಗಾಲಕ್ಕೆ ಇಡುತ್ತೇವೆ, ಒಳಗಿನ ತೇವ ಹೋಗದೆ ಬೀಜ ಗಟ್ಟಿಯಾಗಿ ಉಳಿಯುತ್ತದೆ. ನಿಮ್ಮ ಮಹಡಿಮನೆಗೆ ಫ್ರಿಜ್ ಸಾಕು.

ಮಹಡಿಮನೆ, ಶಿವಮೊಗ್ಗ

ಎರಡು ಬೀಜವನ್ನು ಕುಂಡದಲ್ಲಿ ಹಾಕಿ, ಗಿಡವಾದ ಮೇಲೆ ತವರಿನ ತೋಟಕ್ಕೆ ಕೊಡಬೇಕು ಎಂದು ಮಗಳು ಈಗಲೇ ಹೇಳುತ್ತಿದ್ದಾಳೆ. ಇದೇ ಹಣ್ಣು ಬರುತ್ತದೆಯೇ?

ಶಿಕಾರಿಪುರದ ವಿಜ್ಞಾನ ಮೇಷ್ಟ್ರು

ಬೀಜವನ್ನು ಒಣಗಿಸಬೇಡಿ, ತೆಗೆದ ಕೂಡಲೇ ನೆಡಿ. ಒಣಗಿದ ಹಲಸಿನ ಬೀಜ ಮೊಳಕೆಯೊಡೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಗಿಡವೇನೋ ಬರುತ್ತದೆ, ಆದರೆ ತಾಯಿಮರದ ಗುಣವೇ ಬರುತ್ತದೆ ಎಂಬ ಭರವಸೆ ಇಲ್ಲ. ಹಲಸಿನಲ್ಲಿ ಪರಾಗ ಬೇರೆ ಮರಗಳಿಂದ ಬರುತ್ತದೆ, ಬಕ್ಕೆಯ ಬೀಜದಿಂದ ಅಂಬಲಿಯೂ ಹುಟ್ಟಬಹುದು. ಅದೇ ಹಣ್ಣು ಬೇಕಾದರೆ ಕಸಿಯೇ ಆಗಬೇಕು. ತುಮಕೂರು ಜಿಲ್ಲೆಯ ಚೇಳೂರಿನ ರೈತರೊಬ್ಬರ ಒಂದೇ ಮರದ ‘ಸಿದ್ದು’ ಹಲಸು ಇಂದು ಎಷ್ಟೋ ತೋಟಗಳಲ್ಲಿ ಇರುವುದು ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅದನ್ನು ಗುರುತಿಸಿ ಕಸಿ ಮಾಡಿಸಿದ್ದರಿಂದ. ಕೆಂಪು ತೊಳೆಯ, ಎರಡೂವರೆ ಕಿಲೋ ಆಸುಪಾಸಿನ ಸಣ್ಣ ಹಣ್ಣು ಅದು. ಮಹಡಿಮನೆಯವರಿಗೆ ಹೇಳಿ ಮಾಡಿಸಿದ ಗಾತ್ರ.

ಸಾಗರ ಸೀಮೆ

ಮಗಳ ಆಸೆಯನ್ನು ತಳ್ಳಿಹಾಕಬೇಡಿ. ಬೀಜದ ಗಿಡವನ್ನೇ ಬೆಳೆಸಿ, ಅದೇ ಬೇರುಗಿಡವಾಗಲಿ. ಪೆನ್ಸಿಲ್ ದಪ್ಪ ಬಂದ ಮೇಲೆ ಮಳೆಗಾಲದಲ್ಲಿ ಅಪ್ಪನ ಮರದ ಕಡ್ಡಿ ತಂದು ಅದಕ್ಕೆ ಕಸಿ ಕಟ್ಟಿಸಬಹುದು. ನಮ್ಮ ತಾಲ್ಲೂಕಿನ ಇರುವಕ್ಕಿಯಲ್ಲಿ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯವಿದೆ, ಕಸಿ ಕಟ್ಟುವವರ ಬಗ್ಗೆ ಅಲ್ಲಿ ವಿಚಾರಿಸಿ. ಕಡ್ಡಿ ಕೊಯ್ಯುವಾಗಲೂ ಮೇಣ ಬರುತ್ತದೆ, ಕೊಯ್ದ ತುದಿಯನ್ನು ಒಣ ಬಟ್ಟೆಯಿಂದ ಒರೆಸಿ ಒದ್ದೆ ಪಾಚಿಯಲ್ಲಿ ಸುತ್ತಿ ತನ್ನಿ.